ಕಥೆಯಲ್ಲಿ ಇಬ್ಬರು ಹೆಂಗಸರು ಮಾತಾಡುವಾಗ

ನಿಮ್ಮ ಕಥೆಯ ಕರಡು ತೆಗೆಯಿರಿ. ಹೆಂಗಸರಿಬ್ಬರೇ ಮಾತಾಡುವ ಜಾಗಗಳಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಎಷ್ಟು ಸಿಕ್ಕವು? ಅದರಲ್ಲಿ ಗಂಡ, ಮಗ, ಪ್ರೇಮಿಯ ಸುದ್ದಿ ಕಳೆದರೆ ಏನಾದರೂ ಉಳಿಯುತ್ತಾ?

1985ರಲ್ಲಿ ಅಮೆರಿಕದ ಆಲಿಸನ್ ಬೆಕ್ಡೆಲ್ ತಮ್ಮ ಕಾಮಿಕ್ ಸ್ಟ್ರಿಪ್ಪಿನ ಪಾತ್ರವೊಂದರ ಬಾಯಲ್ಲಿ ಇದನ್ನೇ ಹೇಳಿಸಿದ್ದರು. ಸಿನಿಮಾದಲ್ಲಿ ಇಬ್ಬರಾದರೂ ಹೆಂಗಸರಿರಬೇಕು, ಅವರು ತಮ್ಮತಮ್ಮಲ್ಲಿ ಮಾತಾಡಬೇಕು, ಆ ಮಾತು ಗಂಡಸಿನ ಬಗ್ಗೆ ಆಗಿರಬಾರದು. ಈಗ ಅದನ್ನು ಬೆಕ್ಡೆಲ್ ಪರೀಕ್ಷೆ ಅನ್ನುತ್ತಾರೆ. ಆದರೆ ಸೀರೆ ರೇಟಿನ ಬಗ್ಗೆ ಎರಡು ಸಾಲು ಬರೆದರೂ ಅದರಲ್ಲಿ ಪಾಸಾಗಬಹುದು, ಹಾಗಾಗಿ ಅದನ್ನೇ ನೆಚ್ಚಿಕೊಂಡು ಕೂರಬೇಡಿ.

ಮೊದಲು ಇಬ್ಬರ ಕೈಗೂ ಒಂದು ಕೆಲಸ ಕೊಡಿ. ಸುಮ್ನೆ ಎದುರುಬದುರು ಕೂರಿಸಿದರೆ ಭಾಷಣ ಶುರುವಾಗುತ್ತದೆ. ವಾರಗಿತ್ತಿಯರಿಬ್ಬರು ಹಲಸಿನ ಹಪ್ಪಳ ಒತ್ತುತ್ತಿದ್ದಾರೆ ಅಂದುಕೊಳ್ಳಿ. ಕಿರಿಯವಳು ಯಾರಿಗೂ ಹೇಳದೆ ಚೀಟಿ ಹಾಕಿದ್ದಾಳೆ, ಈ ತಿಂಗಳ ಕಂತಿಗೆ ದುಡ್ಡಿಲ್ಲ.

"ಉಂಡೆ ಸಣ್ಣದಾಯ್ತು ನೋಡು ಸುಮಾ."

"ಎಲ್ಲ ಸೇರಿ ಎಷ್ಟಾಗಬಹುದು ಅಕ್ಕಾ?"

"ಇನ್ನೂರು. ಯಾಕೆ?"

"ಅರ್ಧ ನಾನು ಮಾರಲಾ?"

"ಮಾರ್ಕೊಳ್ಳಿ. ನಿಮ್ಮಿಷ್ಟ."

ಚೀಟಿಯ ಹೆಸರು ಎಲ್ಲೂ ಬರಲಿಲ್ಲ. ಕೊನೆಯ ಸಾಲು ನೋಡಿ, ಇಷ್ಟು ಹೊತ್ತು "ನೋಡು" ಅನ್ನುತ್ತಿದ್ದ ಅಕ್ಕ ಥಟ್ಟನೆ ಬಹುವಚನಕ್ಕೆ ಹಾರಿದಳು. ನಮ್ಮ ಮನೆಗಳಲ್ಲಿ ಹೀಗೆ ಬರುವ ಮರ್ಯಾದೆ ಬೈಗುಳಕ್ಕಿಂತ ಜಾಸ್ತಿ ಚುಚ್ಚುತ್ತದೆ, ಅಲ್ವಾ? ಕನ್ನಡದಲ್ಲಿ ಬರೆಯುವವರಿಗೆ ಇದು ಬಿಟ್ಟಿ ಸಿಕ್ಕಿದ ಸಲಕರಣೆ. ಯಾರು ಯಾರನ್ನು ಅಕ್ಕ, ಅತ್ತಿಗೆ, ಮೇಡಂ ಅನ್ನುತ್ತಾರೆ, ಆ ಕರೆ ಯಾವ ಗಳಿಗೆಯಲ್ಲಿ ಬದಲಾಗುತ್ತದೆ ಅಂತ ಬರೆಯುವ ಮೊದಲೇ ಗೊತ್ತುಮಾಡಿಕೊಳ್ಳಿ. "ಅವಳಿಗೆ ಬೇಸರವಾಯಿತು" ಅನ್ನುವ ಸಾಲು ಆಮೇಲೆ ಬೇಕೇ ಆಗುವುದಿಲ್ಲ.

ಗಂಡಸಿನ ಬಗ್ಗೆ ಮಾತಾಡಬಾರದು ಅಂತೇನೂ ಇಲ್ಲ. ಗಂಡನ ಸಾಲದ ಬಗ್ಗೆ ಮಾತಾಡುತ್ತಲೇ ಇವರಿಬ್ಬರಲ್ಲಿ ಯಾರ ಕೈ ಮೇಲೆ, ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿದೆ ಅನ್ನುವುದು ಕಾಣಬೇಕು, ಅಷ್ಟೇ.

ಇನ್ನು ಆ ಗೆಳತಿ. ನಾಯಕಿ ಅಳುವಾಗ "ಹೌದಾ? ಆಮೇಲೆ?" ಅನ್ನುವುದೊಂದೇ ಅವಳ ಕೆಲಸ. ನನ್ನ ಹಳೆಯ ಕಥೆಗಳ ತುಂಬ ಇಂಥವರೇ ಇದ್ದಾರೆ, ಈಗ ಓದಿದರೆ ನಾಚಿಕೆ. ಅವಳಿಗೂ ಏನಾದರೂ ಬೇಕಾಗಿರಲಿ. ಕೊನೆಯ ಬಸ್ಸು ತಪ್ಪುವ ಭಯವಾದರೂ ಇರಲಿ. ಬಾಗಿಲ ಸಂದಿಯಲ್ಲಿ ಕದ್ದು ಕೇಳುವ ಅತ್ತೆಯನ್ನು ಮಾತ್ರ ಧಾರಾವಾಹಿಗಳಿಗೇ ಬಿಟ್ಟುಬಿಡಿ.

ಜಗಳವಾದ ದೃಶ್ಯದಲ್ಲೇ ರಾಜಿ ಮಾಡಿಸಬೇಡಿ. ಸಂಜೆ ನಾಲ್ಕು ಹನಿ ಬಿದ್ದಾಗ ಅಕ್ಕ ಹಪ್ಪಳದ ಚಾಪೆಯ ಒಂದು ತುದಿ ಹಿಡಿಯಲಿ, ಸುಮಾ ಇನ್ನೊಂದು ತುದಿ ಹಿಡಿಯಲಿ. ಮಾತಾಡಿಸಬೇಡಿ.