1955ರ ಸಿಡ್ನಿ ರಗ್ಬಿ ಲೀಗ್: ಹಳೆಯ ಸೀಸನ್ ಒಂದನ್ನು ಪೆನ್ಸಿಲ್ ಹಿಡಿದು ಓದುವುದು ಹೇಗೆ?

ಹಳೆಯ ಟೂರ್ನಿ ಅಂದ ಕೂಡಲೇ ನಾವು ಮೊದಲು ನೋಡುವುದು ಕಪ್ ಯಾರಿಗೆ ಹೋಯಿತು ಅಂತ. 1955ರ ಸಿಡ್ನಿ ರಗ್ಬಿ ಲೀಗ್ ಗ್ರ್ಯಾಂಡ್ ಫೈನಲ್‌ನಲ್ಲಿ ಸೌತ್ ಸಿಡ್ನಿ 12, ನ್ಯೂಟೌನ್ 11. ಇಷ್ಟು ಓದಿ ಪುಟ ತಿರುವಿದರೆ ಆ ಸೀಸನ್ನಿನ ಅಸಲಿ ಕಥೆ ಕೈತಪ್ಪಿಹೋಗುತ್ತದೆ. ಅದು ಇರುವುದು ನಡುವಿನಲ್ಲಿ, ಹತ್ತನೇ ಪಂದ್ಯ ಮುಗಿದ ವಾರದಲ್ಲಿ. ಅಲ್ಲಿಗೆ ಹೋಗುವ ದಾರಿ ತೋರಿಸುತ್ತೇನೆ. ಒಂದು ಹಾಳೆ, ಒಂದು ಪೆನ್ಸಿಲ್ ಇಟ್ಟುಕೊಳ್ಳಿ.

ಮೊದಲು ಆಟ ಯಾವುದು ಅಂತ ಸರಿಯಾಗಿ ತಿಳಿದುಕೊಳ್ಳಬೇಕು. ರಗ್ಬಿಯಲ್ಲಿ ಎರಡು ಬಗೆ. 15 ಜನ ಆಡುವುದು ರಗ್ಬಿ ಯೂನಿಯನ್. 13 ಜನ ಆಡುವುದು ರಗ್ಬಿ ಲೀಗ್. ಈ ಎರಡನೆಯದು ಹುಟ್ಟಿದ್ದೇ ಕೂಲಿಯ ಜಗಳದಿಂದ. ಉತ್ತರ ಇಂಗ್ಲೆಂಡಿನ ಗಿರಣಿ, ಗಣಿ ಕೆಲಸಗಾರರು ಆಟಕ್ಕೆ ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಡಿ ಅಂತ ಕೇಳಿದರು. ದೊಡ್ಡವರು ಒಪ್ಪಲಿಲ್ಲ. 1895ರಲ್ಲಿ ಕ್ಲಬ್‌ಗಳು ಬೇರೆಯಾದವು. ಸಿಡ್ನಿಯಲ್ಲೂ ಇಂಥದೇ ಅಸಮಾಧಾನ ಇತ್ತು. ಅಲ್ಲಿ 1908ರಲ್ಲಿ ಸ್ಪರ್ಧೆ ಶುರುವಾಯಿತು, ಮೊದಲ ವರ್ಷವೇ ಗೆದ್ದದ್ದು ಸೌತ್ ಸಿಡ್ನಿ. ಪ್ರೊಫೆಷನಲ್ ಅಂದರೆ ಇವತ್ತಿನ ಕೋಟಿಗಳ ಲೆಕ್ಕ ಅಲ್ಲ. ಪಂದ್ಯಕ್ಕೆ ದುಡ್ಡು ಸಿಗುತ್ತಿತ್ತು, ವಾರವಿಡೀ ಬೇರೆ ಕೆಲಸ ಇದ್ದೇ ಇರುತ್ತಿತ್ತು. 1955ರಲ್ಲಿ ಸೌತ್ ಸಿಡ್ನಿಯ ನಾಯಕನೂ ಕೋಚೂ ಒಬ್ಬರೇ, ಜ್ಯಾಕ್ ರೇನರ್. ಅವರು ಪೊಲೀಸ್ ಆಗಿದ್ದವರು.

ಮುಂದಿನ ಕೆಲಸ, ಹಾಳೆಯ ಎಡಗಡೆ ಹತ್ತು ತಂಡಗಳ ಹೆಸರು ಬರೆಯುವುದು. ಸೌತ್ ಸಿಡ್ನಿ, ನ್ಯೂಟೌನ್, ಬಾಲ್‌ಮೇನ್, ಈಸ್ಟರ್ನ್ ಸಬರ್ಬ್ಸ್, ವೆಸ್ಟರ್ನ್ ಸಬರ್ಬ್ಸ್, ನಾರ್ತ್ ಸಿಡ್ನಿ, ಸೇಂಟ್ ಜಾರ್ಜ್, ಕ್ಯಾಂಟರ್‌ಬರಿ-ಬ್ಯಾಂಕ್ಸ್‌ಟೌನ್, ಮ್ಯಾನ್ಲಿ, ಪ್ಯಾರಮಟ್ಟಾ. ಎಲ್ಲವೂ ಒಂದೇ ಊರಿನ ಬಡಾವಣೆಗಳು. ಮಲ್ಲೇಶ್ವರಕ್ಕೂ ಬಸವನಗುಡಿಗೂ ಪಂದ್ಯ ಇಟ್ಟ ಹಾಗೆ. ಅದಕ್ಕೇ ಅಲ್ಲಿ ಅಭಿಮಾನ ಅಷ್ಟು ಗಟ್ಟಿ: ಮೈದಾನದಲ್ಲಿ ಓಡುತ್ತಿದ್ದವನು ಪಕ್ಕದ ಬೀದಿಯವನೇ ಆಗಿರಬಹುದಿತ್ತು. ಕೊನೆಯ ಎರಡು ತಂಡಗಳು ಸೇರಿದ್ದು 1947ರಲ್ಲಿ. ಪ್ಯಾರಮಟ್ಟಾ, ಹ್ಯಾರಿಸ್ ಪಾರ್ಕ್ ಕಡೆ ಈಗ ಭಾರತೀಯರು ಜಾಸ್ತಿ, ಕನ್ನಡದವರೂ ಇದ್ದಾರೆ. ಅಲ್ಲಿ ನಿಮ್ಮವರು ಯಾರಾದರೂ ಇದ್ದರೆ ಈ ಹೆಸರುಗಳಲ್ಲಿ ಕೆಲವು ಅವರ ದಿನನಿತ್ಯದ ರೈಲು ನಿಲ್ದಾಣಗಳು.

ಈಗ ಸ್ಕೋರ್ ಓದುವುದು. ನನಗೆ ತುಂಬ ಇಷ್ಟವಾದ ಭಾಗ ಇದು. ಆಗ ಟ್ರೈಗೆ, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರಿದರೆ, 3 ಅಂಕ. ಕಾಲಿನಿಂದ ಹೊಡೆದ ಯಾವ ಗೋಲ್‌ಗೂ 2 ಅಂಕ. ಇಷ್ಟೇ ಲೆಕ್ಕ. ಇದನ್ನು ಇಟ್ಟುಕೊಂಡು ಹಳೆಯ ಸ್ಕೋರ್ ಬಿಡಿಸಬಹುದು. 4 ಅಂಕ ಇದ್ದರೆ ಅದು ಎರಡು ಗೋಲೇ, ಬೇರೆ ದಾರಿಯಿಲ್ಲ. 7 ಅಂದರೆ ಒಂದು ಟ್ರೈ, ಎರಡು ಗೋಲ್. ನ್ಯೂಟೌನ್‌ನ 11ಕ್ಕೆ ಎರಡೇ ದಾರಿ: ಮೂರು ಟ್ರೈ ಮತ್ತು ಒಂದು ಗೋಲ್, ಇಲ್ಲವೇ ಒಂದು ಟ್ರೈ ಮತ್ತು ನಾಲ್ಕು ಗೋಲ್. ಇವತ್ತು ಟ್ರೈಗೆ 4 ಅಂಕ. ಈಗಿನ ಲೆಕ್ಕ ಹಿಡಿದು 1955ನ್ನು ಓದಿದರೆ ಎಲ್ಲ ತಪ್ಪಾಗುತ್ತದೆ, ಜೋಪಾನ. ಇನ್ನೊಂದು ಮಾತು. ಈಗ ಆರು ಸಲ ಹಿಡಿಸಿಕೊಂಡರೆ ಚೆಂಡು ಎದುರಾಳಿಗೆ ಹೋಗುತ್ತದೆ. ಆಗ ಆ ಮಿತಿಯೇ ಇರಲಿಲ್ಲ. ಎಷ್ಟು ಸಲ ಕೆಡವಿದರೂ ಎದ್ದು, ಚೆಂಡನ್ನು ಹಿಂದಕ್ಕೆ ತಳ್ಳಿ, ಅದೇ ತಂಡ ಮುಂದುವರಿಯಬಹುದಿತ್ತು. ಮಿತಿ ಬಂದದ್ದು 1967ರಲ್ಲಿ.

ನಂತರ ಟೇಬಲ್. ಪ್ರತಿ ತಂಡವೂ ಉಳಿದ ಒಂಬತ್ತರ ಜೊತೆ ಎರಡೆರಡು ಸಲ ಆಡಬೇಕು, ಒಟ್ಟು 18 ಪಂದ್ಯ. ಗೆದ್ದರೆ 2 ಪಾಯಿಂಟ್, ಡ್ರಾ ಆದರೆ 1. ಮೊದಲ ನಾಲ್ಕು ತಂಡಕ್ಕೆ ಫೈನಲ್ಸ್. ಇಲ್ಲಿ ನಮಗೆ ಕಷ್ಟವೇ ಇಲ್ಲ, ಐಪಿಎಲ್ ಪ್ಲೇಆಫ್‌ನ ಅದೇ ಕ್ರಮ. ಒಂದು, ಎರಡನೇ ಸ್ಥಾನದವರು ಒಂದು ಕಡೆ ಆಡುತ್ತಾರೆ, ಸೋತರೂ ಇನ್ನೊಂದು ಅವಕಾಶ. ಮೂರು, ನಾಲ್ಕನೆಯವರು ಸೋತರೆ ಮನೆಗೆ. ಇದಕ್ಕೆ ಮುಂಚೆ ಇನ್ನೊಂದು ಪದ್ಧತಿ ಇತ್ತು. ಲೀಗ್ ಹಂತದಲ್ಲಿ ಮೊದಲು ಬಂದ ತಂಡ ಫೈನಲ್ಸ್‌ನಲ್ಲಿ ಸೋತರೆ ಮತ್ತೊಂದು ಪಂದ್ಯಕ್ಕೆ ಸವಾಲು ಹಾಕಬಹುದಿತ್ತು. 1954ರಿಂದ ಗ್ರ್ಯಾಂಡ್ ಫೈನಲ್ ಕಡ್ಡಾಯವಾಯಿತು. 1955ರಲ್ಲಿ ಲೀಗ್ ಹಂತದ ಮೊದಲ ಸ್ಥಾನ ನ್ಯೂಟೌನ್‌ದು. ಹಳೆಯ ಪದ್ಧತಿ ಉಳಿದಿದ್ದರೆ ಆ ಒಂದು ಅಂಕದ ಸೋಲಿಗೆ ಅವರ ಬಳಿ ಇನ್ನೊಂದು ಉತ್ತರ ಇರುತ್ತಿತ್ತು.

ಈಗ ಸೌತ್ ಸಿಡ್ನಿಯ ಸಾಲಿಗೆ ಬನ್ನಿ. ಹತ್ತು ಪಂದ್ಯ ಮುಗಿದಾಗ ಮೂರು ಗೆಲುವು, ಏಳು ಸೋಲು. ಅಲ್ಲಿ ಪೆನ್ಸಿಲ್‌ನಿಂದ ಒಂದು ಗೆರೆ ಎಳೆಯಿರಿ. 6 ಪಾಯಿಂಟ್. ಉಳಿದದ್ದು ಎಂಟು ಪಂದ್ಯ. ಹಿಂದಿನ ಎರಡು ವರ್ಷವೂ ಗೆದ್ದಿದ್ದ ತಂಡ ಇದು, ಆದರೂ ಆ ವಾರ ಇವರ ಮೇಲೆ ಯಾರು ತಾನೇ ಭರವಸೆ ಇಟ್ಟಾರು? ಅಲ್ಲಿಂದ ಎಂಟಕ್ಕೆ ಎಂಟೂ ಗೆದ್ದರು. ಆಮೇಲೆ ಫೈನಲ್ಸ್‌ನಲ್ಲಿ ಕೆಳಗಿನ ಜೋಡಿಯಿಂದ ಹೊರಟು ಮೂರು ಪಂದ್ಯ, ಮೂರರಲ್ಲಿ ಯಾವುದನ್ನು ಸೋತರೂ ಕಥೆ ಮುಗಿಯುತ್ತಿತ್ತು. ಸೇರಿಸಿ ನೋಡಿ, ಸಾಲಾಗಿ ಹನ್ನೊಂದು ಗೆಲುವು. ಅಲ್ಲಿಯವರು ಇದನ್ನು ಇವತ್ತಿಗೂ ‘55ರ ಪವಾಡ’ ಅಂತಲೇ ಕರೆಯುತ್ತಾರೆ.

ಆ ಹನ್ನೊಂದರಲ್ಲಿ ಒಂದನ್ನು ಹತ್ತಿರದಿಂದ ನೋಡಲೇಬೇಕು. ರೆಡ್‌ಫರ್ನ್ ಓವಲ್‌ನಲ್ಲಿ ಮ್ಯಾನ್ಲಿ ಎದುರಿನ ಪಂದ್ಯ. ಸೌತ್ ಸಿಡ್ನಿಯ ಫುಲ್‌ಬ್ಯಾಕ್, ಅಂದರೆ ಎಲ್ಲರಿಗಿಂತ ಹಿಂದೆ ನಿಲ್ಲುವ ಆಟಗಾರ, ಕ್ಲೈವ್ ಚರ್ಚಿಲ್. ‘ಲಿಟಲ್ ಮಾಸ್ಟರ್’ ಅಂದರೆ ನಮಗೆ ಗವಾಸ್ಕರ್, ತೆಂಡೂಲ್ಕರ್ ನೆನಪಾಗುತ್ತಾರೆ ಅಲ್ವಾ? ಸಿಡ್ನಿಯವರಿಗೆ ಆ ಹೆಸರು ಚರ್ಚಿಲ್‌ದು. ಪಂದ್ಯದ ಆರಂಭದಲ್ಲೇ ಅವರ ಎಡಗೈ ಮುರಿಯಿತು. ಬದಲಿ ಆಟಗಾರನನ್ನು ಇಳಿಸುವ ನಿಯಮ ಆಗ ಇರಲಿಲ್ಲ. ಅವರು ಹೊರಗೆ ಹೋದರೆ ತಂಡ ಹನ್ನೆರಡೇ ಜನ. ಬಿಡುವಿನಲ್ಲಿ ಒಂದು ನೋಟ್‌ಬುಕ್ಕಿನ ರಟ್ಟನ್ನು ಕೈಗೆ ಸುತ್ತಿ ಕಟ್ಟಿದರು. ಹಾಗೇ ಆಡಿದರು. ಕೊನೆಗೆ ಲೆಸ್ ಕೌವಿ ಟ್ರೈ ಹೊಡೆದಾಗ ಸ್ಕೋರ್ 7–7.

ಇಲ್ಲಿ ನಿಮ್ಮ ಲೆಕ್ಕ ಕೆಲಸಕ್ಕೆ ಬರುತ್ತದೆ. ಟ್ರೈಗೆ ಮುಂಚೆ ಸೌತ್ ಸಿಡ್ನಿ ಹತ್ತಿರ ಇದ್ದದ್ದು 4, ಅಂದರೆ ಎರಡು ಗೋಲ್ ಮಾತ್ರ. ಅಷ್ಟು ಹೊತ್ತು ಒಂದೂ ಟ್ರೈ ಆಗಿರಲಿಲ್ಲ. ಟ್ರೈ ಆದಮೇಲೆ ಒಂದು ಒದೆತಕ್ಕೆ ಅವಕಾಶ ಉಂಟು. ಆದರೆ ಚೆಂಡು ಊರಿದ ಜಾಗದ ನೇರಕ್ಕೇ ಇಟ್ಟು ಹೊಡೆಯಬೇಕು. ಮೂಲೆಯಲ್ಲಿ ಊರಿದ್ದರೆ ಗೋಲ್ ಕಂಬಗಳು ಓರೆಯಾಗಿ, ಕಿರಿದಾಗಿ ಕಾಣುತ್ತವೆ. ಚರ್ಚಿಲ್ ಹೊಡೆದದ್ದು ಸೈಡ್‌ಲೈನ್ ಹತ್ತಿರದಿಂದ, ಮುರಿದ ಕೈ ಇಟ್ಟುಕೊಂಡು. ಚೆಂಡು ಕಂಬಗಳ ನಡುವೆ ಹೋಯಿತು. 9–7. ಆ ಒದೆತ ಆಚೀಚೆ ಆಗಿದ್ದರೆ ಹನ್ನೊಂದರ ಸರಪಳಿ ಅಲ್ಲೇ ಕಡಿಯುತ್ತಿತ್ತು.

ಸೆಪ್ಟೆಂಬರ್ 17ರ ಗ್ರ್ಯಾಂಡ್ ಫೈನಲ್ ನಡೆದದ್ದು ಕ್ರಿಕೆಟ್‌ನಿಂದ ನಮಗೆ ಚೆನ್ನಾಗಿ ಗೊತ್ತಿರುವ ಸಿಡ್ನಿ ಕ್ರಿಕೆಟ್ ಗ್ರೌಂಡ್‌ನಲ್ಲಿ. ಚರ್ಚಿಲ್ ಆಡಲಿಲ್ಲ, ಕೈ ವಾಸಿಯಾಗಿರಲಿಲ್ಲ. ಕಾಲ್ ಡೊನೊಹೊ ಹೊಡೆದ ಟ್ರೈ ಗೆಲುವು ತಂದಿತು. ಈಗ ಗ್ರ್ಯಾಂಡ್ ಫೈನಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಪದಕಕ್ಕೆ ಚರ್ಚಿಲ್ ಅವರದೇ ಹೆಸರು.

ಹಳೆಯ ವರದಿಗಳನ್ನು ನೀವೇ ಓದಬೇಕಾದರೆ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ತಾಣಕ್ಕೆ ಹೋಗಿ. ದುಡ್ಡು ಕೊಡಬೇಕಿಲ್ಲ. ಒಂದು ಸೂಕ್ಷ್ಮ ಇದೆ: ಸಿಡ್ನಿ ಮಾರ್ನಿಂಗ್ ಹೆರಾಲ್ಡ್ ಅಲ್ಲಿ ಸಿಗುವುದು 1954ರವರೆಗೆ. 1955ಕ್ಕೆ ಕ್ಯಾನ್‌ಬೆರಾ ಟೈಮ್ಸ್ ಹುಡುಕಿ. ಹಳೆಯ ಅಚ್ಚನ್ನು ಯಂತ್ರ ಓದಿರುವುದರಿಂದ ಪಕ್ಕದಲ್ಲಿ ಕೊಟ್ಟ ಅಕ್ಷರಗಳಲ್ಲಿ ತಪ್ಪು ಇರುತ್ತದೆ, ಅದಕ್ಕೇ ಅಂಕಿಗಳನ್ನು ಯಾವಾಗಲೂ ಪುಟದ ಚಿತ್ರದಲ್ಲೇ ನೋಡಿ. ತಪ್ಪು ಕಂಡರೆ ನೀವೇ ತಿದ್ದಬಹುದು.

ಇದೇ ರೀತಿ ಮುಂದಿನ ವರ್ಷವನ್ನೂ ಓದಿ ನೋಡಿ. 1956ರ ಗ್ರ್ಯಾಂಡ್ ಫೈನಲ್‌ನಲ್ಲಿ ಸೇಂಟ್ ಜಾರ್ಜ್ 18, ಬಾಲ್‌ಮೇನ್ 12. ಸೇಂಟ್ ಜಾರ್ಜ್ ಅಲ್ಲಿಂದ 1966ರವರೆಗೆ ಸತತ ಹನ್ನೊಂದು ವರ್ಷ ಗೆದ್ದಿತು. 18ಕ್ಕೆ ನಾಲ್ಕು ದಾರಿ, 12ಕ್ಕೆ ಮೂರು. ಇಲ್ಲಿ ಬರೀ ಕೂಡುವುದು ಸಾಲದು, ಟ್ರೈ ಯಾರು ಹೊಡೆದರು ಅನ್ನುವ ಸಾಲನ್ನು ಪತ್ರಿಕೆಯಲ್ಲೇ ಹುಡುಕಬೇಕು.