ಫೈರ್‌ಮನ್ ಕೆಲಸ ನನಗೆ ಒಗ್ಗುತ್ತದಾ? ಅರ್ಜಿ ಹಾಕುವ ಮೊದಲೇ ನೋಡಿಕೊಂಡೆ

ದೈಹಿಕ ಪರೀಕ್ಷೆಯ ಓಟ, ಹಗ್ಗ, ಎದೆ ಅಳತೆ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಮತ್ತೆ ಬರೆಯುವುದಿಲ್ಲ. ಮೈದಾನದಲ್ಲಿ ಪಾಸಾಗುವುದು ಬೇರೆ, ಈ ಕೆಲಸ ನಮಗೆ ಒಗ್ಗುವುದು ಬೇರೆ. ಎರಡನೆಯದನ್ನು ಮನೆಯಲ್ಲೇ ಪರೀಕ್ಷೆ ಮಾಡಿ ನೋಡುತ್ತೇನೆ ಎಂದಾಗ ಜೊತೆಗೆ ಓಡುತ್ತಿದ್ದ ಹುಡುಗರು ನಕ್ಕರು. ‘ಸರ್ಕಾರಿ ನೌಕರಿ ಸಿಕ್ಕರೆ ಸಾಕು, ಒಗ್ಗೋದೇನು ಬಂತು’ ಎಂದರು. ಸೇರಿ ಮೂರ್ನಾಲ್ಕು ವರ್ಷವಾಯಿತು, ಇನ್ನೂ ಖುಷಿಯಾಗಿದ್ದೇನೆ, ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಒಂದು ಖಾಸಗಿ ಸಂಸ್ಥೆಯಲ್ಲಿ ಫೈರ್ ಅಂಡ್ ಸೇಫ್ಟಿ ಡಿಪ್ಲೊಮಾ ಮಾಡಿದೆ. ಫೀಸು, ಯೂನಿಫಾರ್ಮು, ಹಾಸ್ಟೆಲ್ ಎಲ್ಲ ಸೇರಿ ಐವತ್ತು ಸಾವಿರದ ಹತ್ತಿರ, ಅಪ್ಪ ಮೆಕ್ಕೆಜೋಳ ಮಾರಿ ತಂದದ್ದು. ಅಗ್ನಿಶಾಮಕ ಇಲಾಖೆಯಲ್ಲಿ ಕೆಲಸ ಗ್ಯಾರಂಟಿ ಎಂದಿದ್ದರು. ಫೈರ್‌ಮನ್ ಹುದ್ದೆಗೆ ಕೇಳುವುದು ಎಸ್ಸೆಸ್ಸೆಲ್ಸಿ, ಅಷ್ಟೇ! ಅಲ್ಲಿ ನೀರು ತುಂಬಿದ ಹೋಸ್ ಹಿಡಿದದ್ದು ಒಂದೆರಡು ಸಲ. ಉಳಿದಂತೆ ಎ ಕ್ಲಾಸ್ ಬೆಂಕಿ, ಬಿ ಕ್ಲಾಸ್ ಬೆಂಕಿ ಎಂದು ನೋಟ್ಸ್ ಬರೆದಿದ್ದೇ ಬರೆದಿದ್ದು. ಫ್ಯಾಕ್ಟರಿಗೆ, ಗಲ್ಫ್‌ಗೆ ಹೋಗುವವರಿಗೆ ಆ ಸರ್ಟಿಫಿಕೇಟು ಬೇಕಾಗಬಹುದು. ನಾನು ಹೆದರುತ್ತೇನಾ ಇಲ್ಲವಾ ಎನ್ನುವುದು ಅದರಿಂದ ಗೊತ್ತಾಗಲಿಲ್ಲ.

ಅದು ಗೊತ್ತಾಗಿದ್ದು ನಮ್ಮ ಹಳೇ ಗೋದಾಮಿನಲ್ಲಿ. ಹೆಲ್ಮೆಟ್ ಗಾಜಿಗೆ ಕಪ್ಪು ಟೇಪು, ಬೆನ್ನಿಗೆ ಹದಿನೈದು ಕೆಜಿಯಷ್ಟು ಜೋಳ ತುಂಬಿದ ಬ್ಯಾಗು (ಬಿಎ ಸೆಟ್, ಅಂದರೆ ಹೊಗೆಯಲ್ಲಿ ಉಸಿರಾಡಲು ಬೆನ್ನಿಗೆ ಹೊರುವ ಗಾಳಿ ಸಿಲಿಂಡರ್, ಹೆಚ್ಚುಕಮ್ಮಿ ಅಷ್ಟೇ ತೂಗುತ್ತದೆ). ತಮ್ಮ ಒಳಗೆಲ್ಲೋ ಒಂದು ಮೂಟೆ ಇಟ್ಟು ಬರಬೇಕು, ನಾನು ಮಂಡಿಯ ಮೇಲೆ ಗೋಡೆ ಬಿಡದೆ ಹುಡುಕಿ ಎಳೆದು ತರಬೇಕು. ತಡಕುವುದು ಅಂಗೈಯಿಂದಲ್ಲ, ಅಂಗೈಯ ಹಿಂಭಾಗದಿಂದ, ಕರೆಂಟು ತಗುಲಿದರೆ ಕೈ ತಂತಿಯನ್ನು ಹಿಡಿದುಕೊಳ್ಳಬಾರದಲ್ಲ. ಮೊದಮೊದಲು ಎರಡು ನಿಮಿಷಕ್ಕೇ ಹೆಲ್ಮೆಟ್ ಕಿತ್ತೆಸೆಯುತ್ತಿದ್ದೆ. ಎದೆ ಡವಡವ, ಬಂದ ಗೋಡೆಯನ್ನೇ ಮತ್ತೆ ಸವರುವುದು. ಒಂದೂವರೆ ತಿಂಗಳು ಹಿಡಿಯಿತೇನೋ, ಉಸಿರು ಹಿಡಿತಕ್ಕೆ ಬಂತು. ಉಸಿರಿಗೆ ನಾನು ಮಾಡಿಕೊಂಡ ಒಂದು ಲೆಕ್ಕ ಇದೆ, ಅದನ್ನು ಮಾತ್ರ ಇಲ್ಲಿ ಬಿಚ್ಚುವುದಿಲ್ಲ.

ಉಸಿರಿನ ಆ ಹಿಡಿತದ ಬೆಲೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಇಲಾಖೆಯ ತರಬೇತಿ ಕೇಂದ್ರ, ಮುಂಡ್ಕೂರ್ ಅಕಾಡೆಮಿಯಲ್ಲಿ ಗೊತ್ತಾಯಿತು. 6.8 ಲೀಟರ್ ಸಿಲಿಂಡರ್‌ಗೆ 300 ಬಾರ್ ಒತ್ತಡದಲ್ಲಿ ತುಂಬಿದರೆ ಎರಡು ಸಾವಿರ ಲೀಟರ್ ಗಾಳಿ. ಗಾಬರಿಬಿದ್ದವನು ಅದನ್ನು ಅರ್ಧ ಹೊತ್ತಿಗೇ ಖಾಲಿ ಮಾಡಿ ಗಾಳಿ ಮುಗಿಯುತ್ತಿದೆ ಎಂದು ಸೆಟ್ ಹೊಡೆಯುವ ಶಿಳ್ಳೆ ಕೇಳಿಸಿಕೊಂಡು ಹೊರಗೆ ಬರುತ್ತಾನೆ. ನನ್ನ ಸೆಟ್ ಬ್ಯಾಚಿನಲ್ಲಿ ಕೊನೆಕೊನೆಗೆ ಶಿಳ್ಳೆ ಹೊಡೆಯುತ್ತಿತ್ತು. 2010ರಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ಸತ್ತರಲ್ಲ, ಅಲ್ಲಿ ಜನರನ್ನು ದಿಕ್ಕೆಡಿಸಿದ್ದು ಹೊಗೆ. ಅದಕ್ಕೇ ಕತ್ತಲೆ ಪರೀಕ್ಷೆ ಮೊದಲು ಮಾಡಿ, ಓಟ ಆಮೇಲೆ.

ಎರಡನೆಯ ಪರೀಕ್ಷೆ ಬಣವೆ. ನಮ್ಮ ದಾವಣಗೆರೆ ಕಡೆ ಬೇಸಿಗೆ ಬಂದರೆ ಎಲ್ಲಾದರೂ ಒಂದು ಹೊತ್ತಿಕೊಳ್ಳುತ್ತದೆ. ಮೇಲೆ ನೀರು ಬಿಟ್ಟರೆ ಆರಿದ ಹಾಗೆ ಕಾಣುತ್ತದೆ, ಒಳಗೆ ಕೆಂಡ ಹಾಗೇ ಇರುತ್ತದೆ. ಹುಲ್ಲನ್ನು ಸಿವುಡು ಸಿವುಡಾಗಿ ಎಳೆದು ಹರಡಬೇಕು, ಬೆಳಗಾಗುತ್ತದೆ, ಮೈಯೆಲ್ಲ ತುರಿಕೆ, ಕೊನೆಗೆ ರೈತನ ಕೈಲೇ ಲೇಟಾಗಿ ಬಂದಿರಿ ಎಂದು ಬೈಸಿಕೊಳ್ಳಬೇಕು. ಅಂಥ ಒಂದು ರಾತ್ರಿ ಅಗ್ನಿಶಾಮಕ ಠಾಣೆಯವರ ಜೊತೆ ನಿಂತು ಹುಲ್ಲು ಎಳೆದಾಗ ನನಗೆ ಬೇಜಾರಾಗಲಿಲ್ಲ. ನನಗಿಂತ ಚೆನ್ನಾಗಿ ಓಡುತ್ತಿದ್ದ ಗೆಳೆಯ ಹನ್ನೆರಡಕ್ಕೇ ಮನೆಗೆ ಹೋದ, ಆಮೇಲೆ ಅರ್ಜಿಯನ್ನೂ ಹಾಕಲಿಲ್ಲ. ಸರಿಯಾಗಿಯೇ ಮಾಡಿದ. ಕೆರೆಯಿಂದ, ಬಾವಿಯಿಂದ ಹೆಣ ಎತ್ತುವ ಕರೆಗಳೂ ನಮಗೇ ಬರುತ್ತವೆ. ಅದಕ್ಕೆ ಮನೆಯಲ್ಲಿ ಪರೀಕ್ಷೆ ಇಲ್ಲ, ಠಾಣೆಯ ಹಳಬರ ಹತ್ತಿರ ಕೂತು ಕೇಳಿಸಿಕೊಳ್ಳಬೇಕು. ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ಇರುತ್ತದಲ್ಲ, ಆಗ ಹೋದರೆ ಮಾತಿಗೆ ಸಿಗುತ್ತಾರೆ.

ಸುಮ್ನೆ ಇನ್ನೊಂದನ್ನೂ ಮಾಡಿದೆ. ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡು ಎಂದು ತಂಗಿಗೆ ಹೇಳಿದ್ದೆ. ಗಂಬೂಟಿನ ಮೇಲೆ ಪ್ಯಾಂಟು ಮಡಚಿಟ್ಟು ಮಲಗುವುದು, ಫೋನ್ ಬಂದ ತಕ್ಷಣ ಬೀದಿಗೆ. ಒಂದು ನಿಮಿಷದೊಳಗೆ ಬರುವುದು ಬೇಗ ಬಂತು, ವಾಪಸ್ ಬಂದು ನಿದ್ದೆ ಹಿಡಿಯುವುದೇ ಕಷ್ಟ. ಅಮ್ಮ ಬೈದಳು, ನಿಲ್ಲಿಸಿದೆ.

ಟೇಪು, ಪೆಟ್ರೋಲು, ಮಂಡಿ ಪ್ಯಾಡು ಎಲ್ಲ ಸೇರಿ ಖರ್ಚು ಎರಡು ಸಾವಿರ ದಾಟಿಲ್ಲ. ದೀಪಾವಳಿಗೆ ರಜೆ ಮಾತ್ರ ಕೇಳಬೇಡಿ, ಪಟಾಕಿ ಹೊಡೆಯುವ ರಾತ್ರಿ ನಾವು ಠಾಣೆಯಲ್ಲೇ. ಮದುವೆ ಮಾತುಕತೆ ನಡೆಯುತ್ತಿದ್ದರೆ ಹುಡುಗಿ ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.