ಕೊಳವೆ ಮಾರ್ಗಕ್ಕೆ ಗೇಟ್ ವಾಲ್ವ್ ಆರಿಸುವ ಮತ್ತು ನಡೆಸುವ ಕ್ರಮ

ಗೇಟ್ ವಾಲ್ವ್ ಇರುವುದು ಹರಿವನ್ನು ಪೂರ್ತಿ ಬಿಡುವುದಕ್ಕೆ ಅಥವಾ ಪೂರ್ತಿ ತಡೆಯುವುದಕ್ಕೆ ಮಾತ್ರ. ತೆರೆದಾಗ ಅದರ ವೆಡ್ಜ್ (ದಾರಿಯನ್ನು ಮುಚ್ಚುವ ಬೆಣೆಯಾಕಾರದ ತಟ್ಟೆ) ಸಂಪೂರ್ಣವಾಗಿ ಬಾನೆಟ್ಟಿನೊಳಕ್ಕೆ (ವಾಲ್ವಿನ ಮೇಲ್ಭಾಗದ ಮುಚ್ಚಳದೊಳಕ್ಕೆ) ಸರಿದು ದಾರಿ ನೇರವಾಗುವುದರಿಂದ ಒತ್ತಡದ ನಷ್ಟ ಬಹಳ ಕಡಿಮೆ. ಅದೇ ಅಳತೆಯ ಸಾಮಾನ್ಯ ಗ್ಲೋಬ್ ವಾಲ್ವಿನಲ್ಲಿ (ಒಳಗಿನ ದಾರಿ ಬಾಗಿರುವ ವಾಲ್ವ್) ಈ ನಷ್ಟ ಸುಮಾರು 40 ಪಟ್ಟು ಇರುತ್ತದೆ. ಆದರೆ ಅರ್ಧ ತೆರೆದಿಟ್ಟರೆ ಕಿರಿದಾದ ಸಂದಿನಲ್ಲಿ ದ್ರವ ರಭಸದಿಂದ ನುಗ್ಗಿ, ವೆಡ್ಜ್ ಅದುರಿ, ಸೀಟಿನ (ವೆಡ್ಜ್ ಒತ್ತಿ ಕೂರುವ ಉಂಗುರದ) ಮುಖ ಸವೆಯುತ್ತದೆ. ಆಮೇಲೆ ಎಷ್ಟು ಬಿಗಿದರೂ ಸೋರಿಕೆ ನಿಲ್ಲದು.

ಆಯ್ಕೆ ಮಾಡುವಾಗ ಒತ್ತಡವನ್ನೂ ತಾಪಮಾನವನ್ನೂ ಜೊತೆಯಾಗಿಯೇ ನೋಡಬೇಕು. ಡಬ್ಲ್ಯುಸಿಬಿ ಎಂಬ ಎರಕದ ಇಂಗಾಲದ ಉಕ್ಕಿನ, ಕ್ಲಾಸ್ 150 ಎಂಬ ಒತ್ತಡ ದರ್ಜೆಯ ವಾಲ್ವ್ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ 19.6 ಬಾರ್ ತಡೆದುಕೊಂಡರೆ, 200 ಡಿಗ್ರಿಯಲ್ಲಿ ಅದರ ಮಿತಿ 13.8 ಬಾರ್‌ಗೆ ಇಳಿಯುತ್ತದೆ.

ವೆಡ್ಜಿನ ಬಗೆಯನ್ನು ನಿರ್ಧರಿಸುವುದು ಕೆಲಸದ ಸ್ವರೂಪ. ಗಟ್ಟಿ ವೆಡ್ಜ್ ಸರಳ ಮತ್ತು ಬಲವಾದದ್ದು. ಆದರೆ ಬಿಸಿ ಇದ್ದಾಗ ಮುಚ್ಚಿದ ವಾಲ್ವ್ ತಣ್ಣಗಾದಂತೆ ಬಾಡಿ (ವಾಲ್ವಿನ ಹೊರಕವಚ) ಕುಗ್ಗಿ ವೆಡ್ಜನ್ನು ಹಿಡಿದುಬಿಡಬಹುದು. ಹಬೆಯ ಮಾರ್ಗಗಳಲ್ಲಿ ಅಂಚು ಸ್ವಲ್ಪ ಬಾಗುವ ಫ್ಲೆಕ್ಸಿಬಲ್ ವೆಡ್ಜನ್ನು ಬಳಸುವುದು ಈ ಕಾರಣಕ್ಕೆ. ಪಿಗ್ (ಕೊಳವೆಯೊಳಗೆ ಸಾಗಿ ಅದನ್ನು ಶುಚಿಗೊಳಿಸುವ ಸಾಧನ) ಓಡಿಸುವ ತೈಲ ಮಾರ್ಗವಾದರೆ ಕೊಳವೆಯ ಒಳವ್ಯಾಸಕ್ಕೆ ಸರಿಹೊಂದುವ ರಂಧ್ರವುಳ್ಳ, ಚಪ್ಪಟೆ ಹಲಗೆಯಂಥ ಗೇಟಿನ ಸ್ಲ್ಯಾಬ್ ಗೇಟ್ ವಾಲ್ವ್ ಬೇಕು.

ವಿನ್ಯಾಸದಲ್ಲಿ ಹೆಚ್ಚಾಗಿ ಮರೆಯುವುದು ಬಾನೆಟ್ಟಿನ ಒಳಜಾಗವನ್ನು. ಎರಡೂ ಸೀಟುಗಳು ಬಿಗಿಯಾಗಿ ಮುಚ್ಚುವ ವಾಲ್ವಿನಲ್ಲಿ ದ್ರವ ಅಲ್ಲಿ ಸಿಕ್ಕಿಕೊಂಡು, ಹೊರಗಿನ ಬಿಸಿಗೆ ಹಿಗ್ಗಿದರೆ, ಅಲ್ಲಿನ ಒತ್ತಡವು ಕೊಳವೆ ಮಾರ್ಗದ ಒತ್ತಡವನ್ನೂ ಮೀರಿ ಏರುತ್ತದೆ. ಆಗ ವೆಡ್ಜ್ ಎರಡೂ ಸೀಟುಗಳಿಗೆ ಒತ್ತಿಕೊಂಡು ಮೋಟಾರಿಗೂ ಜಗ್ಗುವುದಿಲ್ಲ, ಬಾನೆಟ್ ಜೋಡಣೆಗೂ ಅಪಾಯ. ಒತ್ತಡ ಬರುವ ಬದಿಯ ವೆಡ್ಜ್ ಮುಖದಲ್ಲಿ ಚಿಕ್ಕ ರಂಧ್ರ ಕೊರೆಸುವುದು ಸರಳ ಪರಿಹಾರ. ಹೀಗೆ ಮಾಡಿದರೆ ವಾಲ್ವ್ ಒಂದೇ ದಿಕ್ಕಿನದಾಗುತ್ತದೆ, ಆದ್ದರಿಂದ ಬಾಡಿಯ ಮೇಲೆ ಬಾಣದ ಗುರುತು ಕಡ್ಡಾಯ.

ಜೋಡಿಸುವ ಮೊದಲು ಪರೀಕ್ಷಾ ವರದಿಯನ್ನು ನೋಡಿ: 38 ಡಿಗ್ರಿಯ ಮಿತಿಯ ಒಂದೂವರೆ ಪಟ್ಟು ಒತ್ತಡದಲ್ಲಿ ಬಾಡಿಯನ್ನೂ, 1.1 ಪಟ್ಟಿನಲ್ಲಿ ಸೀಟನ್ನೂ ನೀರಿನಿಂದ ಪರೀಕ್ಷಿಸಿರಬೇಕು. ಸಾಧ್ಯವಾದಷ್ಟೂ ಸ್ಪಿಂಡಲ್ (ಹ್ಯಾಂಡ್‌ವೀಲನ್ನು ವೆಡ್ಜಿಗೆ ಜೋಡಿಸುವ ದಂಡ) ನೆಟ್ಟಗೆ ಮೇಲ್ಮುಖವಾಗಿರಲಿ. ತಲೆಕೆಳಗಾದರೆ ಬಾನೆಟ್ಟಿನಲ್ಲಿ ಕೆಸರು ತುಂಬಿಕೊಳ್ಳುತ್ತದೆ. ಗ್ಲ್ಯಾಂಡ್ (ಸ್ಪಿಂಡಲ್ಲಿನ ಸುತ್ತಲಿನ ಪ್ಯಾಕಿಂಗನ್ನು ಒತ್ತಿಹಿಡಿಯುವ ಭಾಗ) ಸೋರಿದರೆ ಎರಡೂ ನಟ್ಟುಗಳನ್ನು ಸಮವಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು, ಇಲ್ಲದಿದ್ದರೆ ಗ್ಲ್ಯಾಂಡ್ ಓರೆಯಾಗಿ ಸ್ಪಿಂಡಲ್ಲನ್ನು ಕೊರೆಯುತ್ತದೆ. ಪೂರ್ತಿ ತೆರೆದ ಮೇಲೆ ಹ್ಯಾಂಡ್‌ವೀಲನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿಡುವುದು ಒಳ್ಳೆಯದು, ಸ್ಪಿಂಡಲ್ ಕಚ್ಚಿಕೊಳ್ಳುವುದಿಲ್ಲ. ಮುಚ್ಚುವಾಗ ಕೊನೆಯಲ್ಲಿ ಏನೋ ಅಡ್ಡ ಬಂದಂತೆ ಅನಿಸಿದರೆ ಪೈಪು ಸಿಕ್ಕಿಸಿ ಬಲ ಹಾಕಬೇಡಿ. ಸೀಟಿನ ಮೇಲೆ ಕೂತ ಹೊಲಸನ್ನು ಹರಿವೇ ತೊಳೆಯುವಂತೆ ಎರಡು ಮೂರು ಸುತ್ತು ತೆರೆದು, ಕೆಲವು ಕ್ಷಣ ಬಿಟ್ಟು, ಮತ್ತೆ ಮುಚ್ಚಿ.